ಬೇಕೆಂದೇ ತಪ್ಪು ಒತ್ತಿದ ಪರೀಕ್ಷೆ

ಆಟಗಾರರಿರುವ ಮನೆಗಳಲ್ಲಿ ಪಂದ್ಯದ ಮರುದಿನ ತಪ್ಪದೆ ಕೇಳಿಬರುವ ಮಾತೊಂದಿದೆ: "ಏನೂ ಆಗಿಲ್ಲ." ತುಟಿ ಹರಿದಿದ್ದರೂ ಅದೇ ಮಾತು, ಬೆರಳು ಊದಿಕೊಂಡಿದ್ದರೂ ಅದೇ ಮಾತು. ನಮ್ಮ ಕಾರ್ವೆಲ್ ಊರಿನ ಮಾರ್ನಿ ಬೊಯ್ಕೋ ಇದನ್ನು ಆರು ವರ್ಷಗಳಿಂದ ಕೇಳುತ್ತ ಬಂದಿದ್ದಳು. ಅವಳ ಗಂಡ ಡ್ಯಾನಿಲೋ ನಮ್ಮೂರ ಬ್ಯಾಜರ್ಸ್ ತಂಡದಲ್ಲಿ ಐಸ್ ಹಾಕಿ ಆಡುತ್ತಾನೆ. ಅದೇ ಅವನ ಕಸುಬು, ಅದರಿಂದಲೇ ಸಂಬಳ.

ಆ ಬುಧವಾರ ಡ್ಯಾನಿಲೋ ಗೋಲಿನ ಹಿಂದೆ ತಲೆ ತಗ್ಗಿಸಿ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಎಳೆದುಕೊಳ್ಳುತ್ತಿದ್ದ. ಎದುರು ತಂಡದವನೊಬ್ಬ ಪಕ್ಕದಿಂದ ವೇಗವಾಗಿ ಜಾರಿ ಬಂದು ಹೆಗಲಿನಿಂದ ನೇರ ಅವನ ದವಡೆಗೆ ಗುದ್ದಿದ. ಡ್ಯಾನಿಲೋನ ಹೆಲ್ಮೆಟ್ ಅಂಗಳದ ಸುತ್ತಲಿನ ಹಲಗೆಯ ಗೋಡೆಗೆ ಬಡಿಯಿತು. ಗುದ್ದಿದವನನ್ನು ರೆಫರಿ ಆಟದಿಂದ ಹೊರಗೆ ಕಳಿಸಿದರು. ಮರುದಿನ ಲೀಗಿನವರು ಅವನಿಗೆ ಐದು ಪಂದ್ಯ ನಿಷೇಧ ಹಾಕಿದರು. ಡ್ಯಾನಿಲೋ ಮಾತ್ರ ಹತ್ತು ಎಣಿಸುವಷ್ಟರಲ್ಲಿ ತಾನೇ ಎದ್ದು ನಿಂತ. ಜನ ಚಪ್ಪಾಳೆ ತಟ್ಟಿದರು.

ಮಾರ್ನಿ ತಟ್ಟಲಿಲ್ಲ. ಅವನು ಎದ್ದ ಮೇಲೆ ಎದುರು ತಂಡದ ಬೆಂಚಿನ ಕಡೆಗೆ ಸ್ವಲ್ಪ ದೂರ ಜಾರಿ, ಆಮೇಲೆ ತಿರುಗಿದ್ದನ್ನು ಅವಳು ನೋಡಿದ್ದಳು.

ತಂಡದ ಫಿಸಿಯೋ ಗ್ವೆಂಡಾ ಆ ರಾತ್ರಿ ಅವನನ್ನು ಮತ್ತೆ ಆಡಲು ಬಿಡಲಿಲ್ಲ. ಗುರುವಾರ ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂರಿಸಿ ಪರೀಕ್ಷೆ ಕೊಟ್ಟಳು. ಪರದೆಯ ಮೇಲೆ ಒಂದಷ್ಟು ಪದಗಳು ಬರುತ್ತವೆ, ಚಿತ್ರಗಳು ಬರುತ್ತವೆ. ಯಾವುದನ್ನು ಮೊದಲೇ ನೋಡಿದ್ದೆ, ಯಾವುದು ಹೊಸದು ಎಂದು ಬೇಗ ಬೇಗ ಒತ್ತುತ್ತ ಹೋಗಬೇಕು. ಆಟದ ಋತು ಶುರುವಾಗುವ ಮುಂಚೆ, ಸೆಪ್ಟೆಂಬರಿನಲ್ಲಿ, ಎಲ್ಲ ಆಟಗಾರರೂ ಇದನ್ನೇ ಒಮ್ಮೆ ಮಾಡಿರುತ್ತಾರೆ. ತಲೆಗೆ ಪೆಟ್ಟು ಬಿದ್ದರೆ ಹೊಸ ಅಂಕವನ್ನು ಸೆಪ್ಟೆಂಬರಿನ ಅಂಕದ ಪಕ್ಕದಲ್ಲಿಟ್ಟು ನೋಡುತ್ತಾರೆ. ಇಳಿದಿದ್ದರೆ ಮಿದುಳು ಇನ್ನೂ ಸುಧಾರಿಸಿಕೊಂಡಿಲ್ಲ ಎಂದರ್ಥ.

ಡ್ಯಾನಿಲೋನ ಅಂಕ ಇಳಿದಿರಲಿಲ್ಲ. ತಲೆನೋವು, ತಲೆಸುತ್ತು, ಮರೆವು ಏನಾದರೂ ಇದೆಯಾ ಎಂದು ಡಾಕ್ಟರು ಕೇಳಿದರು. ಏನೂ ಇಲ್ಲ ಎಂದ. ಹಾಗಿದ್ದರೆ ಶನಿವಾರ ಆಡಬಹುದು ಎಂದರು.

ಶನಿವಾರ ಅವನಿಗೆ ಆಡಲೇಬೇಕಿತ್ತು. ದೊಡ್ಡ ಲೀಗಿನ ತಂಡವೊಂದರಿಂದ ಆಟಗಾರರನ್ನು ಆರಿಸುವವರು ಬರುವವರಿದ್ದರು. ಅವರ ಪಟ್ಟಿಯಲ್ಲಿ ಡ್ಯಾನಿಲೋನ ಹೆಸರಿತ್ತು. ಅವನಿಗಾಗಲೇ ಇಪ್ಪತ್ತೊಂಬತ್ತು. ಆ ವಯಸ್ಸಿನವರನ್ನು ನೋಡಲು ಯಾರೂ ಎರಡು ಸಲ ಬರುವುದಿಲ್ಲ.

ಗುರುವಾರ ಮಧ್ಯಾಹ್ನ ಅವನ ತಂದೆ ಓರೆಸ್ಟ್ ಊಟಕ್ಕೆ ಬಂದರು. ಮೂವತ್ತು ವರ್ಷ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತರಾದವರು. ಪ್ರಾಯದಲ್ಲಿ ಅವರೂ ಆಡಿದವರೇ, ಅದೂ ಹೆಲ್ಮೆಟ್ ಇಲ್ಲದ ಕಾಲದಲ್ಲಿ. ಮಾರ್ನಿ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಸುರಿದು ಮೇಜಿನ ಮೇಲಿಟ್ಟಳು.

"ಪರೀಕ್ಷೆ ಏನಾಯ್ತೋ?" ಎಂದರು ಓರೆಸ್ಟ್.

"ಸೆಪ್ಟೆಂಬರಲ್ಲಿ ಎಷ್ಟು ಬಂದಿತ್ತೋ ಅಷ್ಟೇ ಅಪ್ಪ. ಒಂದೆರಡು ಜಾಸ್ತೀನೇ ಬಂದಿದೆ."

"ಕೇಳಿಸ್ಕೊಂಡ್ಯಾ ಮಾರ್ನಿ? ಗುದ್ದಿಸ್ಕೊಂಡ ಮೇಲೆ ನನ್ನ ಮಗನಿಗೆ ಬುದ್ಧಿ ಹೆಚ್ಚಾಗಿದೆ! ಇದು ಮೊದಲೇ ಗೊತ್ತಿದ್ರೆ ಸ್ಕೂಲಲ್ಲೇ ನಾಲ್ಕು ಗುದ್ದಿಸ್ತಿದ್ದೆ."

"ತಟ್ಟೆ ವಾಪಸ್ ಇಸ್ಕೋತೀನಿ ನೋಡಿ ಮಾವ."

"ಅಯ್ಯೋ ಬೇಡಮ್ಮಾ, ಮಾತು ವಾಪಸ್ ತಗೊಂಡೆ. ತಟ್ಟೆ ಇಲ್ಲೇ ಇರ್ಲಿ."

ಮೂವರೂ ನಕ್ಕರು. ನಗುವಾಗಲೂ ಮಾರ್ನಿಯ ತಲೆಯಲ್ಲಿ ಒಂದು ಸಂಗತಿ ಕೊರೆಯುತ್ತಲೇ ಇತ್ತು. ಅಷ್ಟು ಜೋರು ಪೆಟ್ಟು ತಿಂದವನ ಅಂಕ ಹೆಚ್ಚಾಗುವುದು ಹೇಗೆ?

ಊಟವಾದ ಮೇಲೆ ತಂದೆ ಮಗ ಕ್ರಿಬೇಜ್ ಆಡಲು ಕೂತರು. ಇಸ್ಪೀಟಿನ ಈ ಆಟ ಅವರ ಮನೆತನದಲ್ಲಿ ಅನ್ನ ನೀರಿನ ಹಾಗೆ. ಎಲೆಗಳಲ್ಲಿ ಹದಿನೈದು ಎಲ್ಲೆಲ್ಲಿ ಆಗುತ್ತದೆ, ಜೋಡಿ ಎಷ್ಟು, ಸಾಲು ಎಷ್ಟು ಎಂದು ಎಣಿಸಿ ಅಂಕ ಹೇಳಬೇಕು. ಹೇಳದೆ ಬಿಟ್ಟ ಅಂಕ ಎದುರಿನವನಿಗೆ ಸೇರುತ್ತದೆ. ಡ್ಯಾನಿಲೋ ಎಲೆ ಮೇಜಿಗೆ ಬೀಳುವ ಮುಂಚೆ ಅಂಕ ಹೇಳುವವನು. ಓರೆಸ್ಟ್ ಅವನನ್ನು ಸೋಲಿಸಿ ಎಷ್ಟೋ ವರ್ಷಗಳಾಗಿದ್ದವು.

ಅಂದು ಓರೆಸ್ಟ್ ಗೆಲ್ಲುತ್ತಲೇ ಹೋದರು.

"ನೀನು ಬಿಟ್ಟೆ, ಎರಡು ನಂದು!" ಎಂದು ಅಂಕದ ಹಲಗೆಯ ಮೇಲೆ ತಮ್ಮ ಕಡ್ಡಿ ಮುಂದಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ, "ಬಿಟ್ಟೆ, ನಾಲ್ಕು ನಂದು! ಎಲ್ಲಿಟ್ಟಿದ್ದೀಯೋ ಕಣ್ಣು?"

ಮುಂದಿನ ಕೈಯಲ್ಲಿ ಡ್ಯಾನಿಲೋಗೆ ಬಂದದ್ದು ಎರಡು ಏಳು, ಎರಡು ಎಂಟು, ಒಂದು ಒಂಬತ್ತು. ಅವನು ಎಲೆಗಳನ್ನೇ ನೋಡುತ್ತ ಕೂತ. ಬೆರಳಿನಿಂದ ಒಂದೊಂದನ್ನೇ ಮುಟ್ಟಿದ.

"ಹದಿನಾರು," ಎಂದ.

ಓರೆಸ್ಟ್ ಕಡ್ಡಿಗೆ ಕೈ ಹಾಕಿದರು. ಆದರೆ ಎತ್ತಲಿಲ್ಲ.

"ಮತ್ತೆ ಎಣಿಸು."

"ಹದಿನೆಂಟು."

"ಇಪ್ಪತ್ನಾಲ್ಕು ಕಣೋ," ಎಂದರು ಓರೆಸ್ಟ್ ಮೆಲ್ಲಗೆ. "ನೀನು ಏಳು ವರ್ಷದವನಿದ್ದಾಗ ನಮ್ಮಮ್ಮನ ತೊಡೆ ಮೇಲೆ ಕೂತು ಇದನ್ನ ಹೇಳ್ತಿದ್ದೆ."

"ನಿದ್ದೆ ಕಡಿಮೆ ಆಗಿದೆ ಅಪ್ಪ. ಅಷ್ಟೇ."

ಮಾರ್ನಿ ಪಾತ್ರೆ ಒರೆಸುವುದನ್ನು ಬಿಟ್ಟು ಬಂದು ಕೂತಳು. ಅವಳು ಕೆಲಸ ಮಾಡುವುದು ಗೋಧಿ ಉಗ್ರಾಣದ ತೂಕದ ಮನೆಯಲ್ಲಿ. ದಿನಾ ಬೆಳಗ್ಗೆ ಮೊದಲ ಲಾರಿ ಬರುವ ಮುಂಚೆ, ತೂಕ ಗೊತ್ತಿರುವ ಕಬ್ಬಿಣದ ಗುಂಡುಗಳನ್ನಿಟ್ಟು ತಕ್ಕಡಿ ಸರಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ಲೆಕ್ಕ ವಿಚಿತ್ರವಾಗಿ ಬಂದರೆ ಅವಳ ಅನುಮಾನ ಗೋಧಿಯ ಮೇಲಲ್ಲ, ಮೊದಲು ತಕ್ಕಡಿಯ ಮೇಲೆ ಹೋಗುತ್ತದೆ.

"ಡ್ಯಾನಿ, ಬೈಯೋಕೆ ಕೇಳ್ತಿಲ್ಲ. ತಿಳ್ಕೊಳ್ಳೋಣ ಅಂತ ಅಷ್ಟೆ," ಎಂದಳು. "ಇವತ್ತಿನ ಅಂಕ ಎಷ್ಟು ಅಂತ ಗೊತ್ತಾಯ್ತು. ಸೆಪ್ಟೆಂಬರಿನ ಅಂಕ ಹೇಗೆ ಬಂದಿತ್ತು?"

ಡ್ಯಾನಿಲೋ ತಂದೆಯ ಮುಖ ನೋಡಿದ. ಆಮೇಲೆ ನಕ್ಕ.

"ಎಲ್ರೂ ಮಾಡೋದೇ ಕಣೇ ಅದು. ತಂಡಕ್ಕೆ ಸೇರಿದ ಮೊದಲ ದಿನಾನೇ ಹಳಬರು ಹೇಳ್ಕೊಡ್ತಾರೆ. ಸೆಪ್ಟೆಂಬರಲ್ಲಿ ಬೇಕೂಂತ್ಲೇ ನಿಧಾನಕ್ಕೆ ಒತ್ತಬೇಕು. ಗೊತ್ತಿದ್ರೂ ಆಗಾಗ ತಪ್ಪು ಒತ್ತಬೇಕು. ತೀರಾ ಅತಿ ಮಾಡಿದ್ರೆ ಕಂಪ್ಯೂಟರ್ ಕಂಡುಹಿಡಿಯುತ್ತೆ. ಸ್ವಲ್ಪ ಪೆದ್ದ ಅನ್ನಿಸ್ಕೊಂಡ್ರೆ ಸಾಕು. ಆಮೇಲೆ ಪೆಟ್ಟು ಬಿದ್ರೂ ಅಂಕ ಇಳಿಯಲ್ಲ, ಹೊರಗೆ ಕೂರಿಸಲ್ಲ."

"ಭಲೇ!" ಎಂದರು ಓರೆಸ್ಟ್. ಆ ಮಾತಿನಲ್ಲಿ ಮೊದಲಿನ ಹುರುಪಿರಲಿಲ್ಲ.

"ಅಂದ್ರೆ ಇವತ್ತು ನೀನು ಬೇಕೂಂತ ಪೆದ್ದನಾಗಿರಲಿಲ್ಲ," ಎಂದಳು ಮಾರ್ನಿ. "ಕಷ್ಟಪಟ್ಟು ಒತ್ತಿದೆ. ಪೂರ್ತಿ ಮನಸ್ಸಿಟ್ಟು ಒತ್ತಿದೆ. ಆದ್ರೂ ನಾಟಕ ಮಾಡಿದ ದಿನದಷ್ಟೇ ಬಂತು. ಹೌದಾ?"

ಡ್ಯಾನಿಲೋ ಮೇಜಿನ ಮೇಲಿನ ಎಲೆಗಳನ್ನು ಮಗುಚಿಟ್ಟ. ಅವನು ಈ ದಿಕ್ಕಿನಿಂದ ಯೋಚಿಸಿರಲೇ ಇಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಬೆಳಗ್ಗೆಯಿಂದ ಕಿಟಕಿಗೆ ಬೆನ್ನು ಹಾಕಿ ಕೂತಿದ್ದೀಯ. ಹಿಮದ ಬೆಳಕು ಚುಚ್ಚುತ್ತಾ?"

"ಸ್ವಲ್ಪ."

"ಇರ್ಲಿ ಬಿಡು ಮಾರ್ನಿ," ಎಂದರು ಓರೆಸ್ಟ್. "ಶನಿವಾರ ಒಂದು ಪಂದ್ಯ ಆಡ್ಲಿ. ಭಾನುವಾರದಿಂದ ಎಷ್ಟು ಬೇಕಾದ್ರೂ ಮಲಗ್ಲಿ. ನಾವೆಲ್ಲ ಆಡ್ಲಿಲ್ವಾ? ಇವನ ತಲೆ ಮೇಲೆ ಹೆಲ್ಮೆಟ್ ಬೇರೆ ಇದೆ."

ಮಾರ್ನಿ ಗಂಡನ ಕಡೆ ತಿರುಗಿದಳು. "ಗ್ವೆಂಡಾನ ಕರೀಲಾ? ನಾನು ಏನೂ ಹೇಳಲ್ಲ. ಹೇಳೋದು ಬಿಡೋದು ನಿನಗೆ ಸೇರಿದ್ದು."

ಅವನು ಹೂಂ ಎಂದು ತಲೆಯಾಡಿಸಿದ.

ಗ್ವೆಂಡಾ ಎದುರು ಬೀದಿಯವಳೇ. ಮೆಟ್ಟಿಲ ಮೇಲಿನ ಹಿಮ ತೆಗೆಯುತ್ತಿದ್ದವಳು ಸಲಿಕೆ ಕೈಯಲ್ಲಿಟ್ಟುಕೊಂಡೇ ಬಂದಳು. ಕಾಫಿ ಕುಡಿಯುತ್ತ ಓರೆಸ್ಟ್ ಕೇಳಿದ ಪ್ರಶ್ನೆಯನ್ನು ಕೇಳಿಸಿಕೊಂಡಳು: ಹೆಲ್ಮೆಟ್ ಇದ್ದ ಮೇಲೆ ಹೆದರಿಕೆ ಯಾಕೆ?

"ನೀವು ಟ್ಯಾಂಕರ್ ಓಡಿಸಿದವರು," ಎಂದಳು. "ಅರ್ಧ ತುಂಬಿದ ಟ್ಯಾಂಕರಿಗೆ ಗಕ್ಕನೆ ಬ್ರೇಕ್ ಹಾಕಿದ್ರೆ ಏನಾಗುತ್ತೆ?"

"ಗಾಡಿ ನಿಲ್ಲುತ್ತೆ. ಹಾಲು ನಿಲ್ಲುತ್ತಾ? ಮುಂದಕ್ಕೆ ಬಂದು ಗುದ್ದುತ್ತೆ. ಆಮೇಲೆ ಹಿಂದಕ್ಕೆ ಹೋಗಿ ಗುದ್ದುತ್ತೆ. ಒಂದ್ಸಲ ನನ್ನ ಗಾಡೀನ ಚರಂಡಿಗೇ ತಳ್ಳಿಬಿಟ್ಟಿತ್ತು."

"ಟ್ಯಾಂಕಿನ ತಗಡು ಇನ್ನೂ ದಪ್ಪ ಇದ್ದಿದ್ರೆ?"

"ತಗಡಿಗೂ ಅದಕ್ಕೂ ಏನಮ್ಮಾ ಸಂಬಂಧ? ಅಲ್ಲಾಡೋದು ಒಳಗಿನ..." ಓರೆಸ್ಟ್ ಮಾತು ನಿಲ್ಲಿಸಿದರು.

"ಹೆಲ್ಮೆಟ್ ಬೇಕೇ ಬೇಕು. ಅದು ಬುರುಡೆ ಒಡೆಯದ ಹಾಗೆ ಕಾಯುತ್ತೆ," ಎಂದಳು ಗ್ವೆಂಡಾ. "ಒಳಗಿರೋ ಮಿದುಳು ಹೊಯ್ದಾಡೋದನ್ನ ಪೂರ್ತಿ ತಡೆಯೋ ಹೆಲ್ಮೆಟ್ ಇನ್ನೂ ಬಂದಿಲ್ಲ. ಮೊದಲ ಪೆಟ್ಟು ಮಾಗೋಕೆ ಮುಂಚೆ ಇನ್ನೊಂದು ಬಿದ್ರೆ, ಅದು ಚಿಕ್ಕದೇ ಆದ್ರೂ, ಚೇತರಿಕೆ ತಿಂಗಳುಗಟ್ಟಲೆ ಹೋಗಬಹುದು. ಅಪರೂಪಕ್ಕೆ ಮಿದುಳು ಊದ್ಕೊಂಡು ಜೀವಾನೇ ಹೋಗುತ್ತೆ. ಆದ್ರೆ ಹೊರಗೆ ಗಾಯ ಕಾಣಲ್ಲ ನೋಡಿ. ಆಟಗಾರ ಬಾಯಿ ಬಿಟ್ಟು ಹೇಳಿದ್ರೇನೇ ನಮಗೆ ಗೊತ್ತಾಗೋದು."

ಓರೆಸ್ಟ್ ಮಗನ ಕಡೆ ಬಾಗಿದರು.

"ನಿಜ ಹೇಳು ಮಗಾ. ಗುದ್ದಿದ ಮೇಲೆ ನಿನಗೆ ಮೊದಲು ನೆನಪಿರೋದೇನು?"

ಡ್ಯಾನಿಲೋ ಎರಡು ಕೈಯಿಂದ ಕಾಫಿ ಲೋಟ ಹಿಡಿದುಕೊಂಡ. "ಗ್ವೆಂಡಾ ನನ್ನ ಮುಂದೆ ಕೂತು ಇವತ್ತು ಯಾವ ವಾರ ಅಂತ ಕೇಳ್ತಿದ್ದದ್ದು. ಅದಕ್ಕೆ ಮುಂಚಿಂದು ಏನೂ ಇಲ್ಲ. ಗುದ್ದಿದವನ ಮುಖಾನೂ ಇಲ್ಲ." ಮಾರ್ನಿಯ ಕಡೆ ನೋಡಿದ. "ನಾನೇ ಎದ್ದು ಬಂದ್ನಾ? ಯಾರಾದ್ರೂ ಎತ್ಕೊಂಡು ಬಂದ್ರಾ?"

"ನೀನೇ ಎದ್ದೆ," ಎಂದಳು ಮಾರ್ನಿ. "ಎದುರು ತಂಡದ ಬೆಂಚಿನ ಕಡೆ ಹೋದೆ."

"ಹೌದಾ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಬೇರೆ ಯಾರದೋ ಸುದ್ದಿ ಕೇಳಿದವನಂತಿದ್ದ.

ಗ್ವೆಂಡಾ ಲೋಟ ಕೆಳಗಿಟ್ಟಳು. "ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಔಷಧಿ ಪೆಟ್ಟಿಗೆ ಎತ್ಕೊಳ್ಳೋಕೆ ಬಗ್ಗಿದ್ದೆ."

"ಇನ್ನೂ ಒಂದಿದೆ," ಎಂದ ಡ್ಯಾನಿಲೋ. ಸೆಪ್ಟೆಂಬರಿನ ಸಂಗತಿಯನ್ನೂ ಹೇಳಿದ. ಹೇಳಿ ಮುಗಿಸಿ, "ಶನಿವಾರ ಕೈ ತಪ್ಪಿತು ಅಲ್ವಾ?" ಎಂದ.

"ತಪ್ಪಿತು," ಎಂದಳು ಗ್ವೆಂಡಾ.

"ಅವರು ಮತ್ತೆ ಬರ್ತಾರಾ?"

ಸುಳ್ಳು ಸಮಾಧಾನ ಹೇಳುವುದು ಸುಲಭವಿತ್ತು. ಮಾರ್ನಿ ಹೇಳಲಿಲ್ಲ. "ಬರದೇನೂ ಇರಬಹುದು ಡ್ಯಾನಿ."

ಓರೆಸ್ಟ್ ಎದ್ದು ಹೋಗಿ ಕಿಟಕಿಯ ಪರದೆ ಎಳೆದರು.

ಶನಿವಾರ ದೊಡ್ಡ ಲೀಗಿನವರು ಬಂದರು, ನೋಡಿದರು, ಇಪ್ಪತ್ತೊಂದು ವರ್ಷದ ಬೇರೊಬ್ಬನ ಹೆಸರು ಬರೆದುಕೊಂಡು ಹೋದರು. ಆ ಹೊತ್ತಿಗೆ ಡ್ಯಾನಿಲೋ ತಲೆನೋವಿನಿಂದ ಮಂಚದ ಮೇಲಿದ್ದ. ನೋವು ಬುಧವಾರದಿಂದಲೂ ಇತ್ತು, ಈಗ ಅವನು ಅದನ್ನು ಮುಚ್ಚಿಡಲಿಲ್ಲ, ಅಷ್ಟೇ. ಪಂದ್ಯ ನೋಡಲು ಹೋಗದ ಓರೆಸ್ಟ್ ಅಡುಗೆಮನೆಯಲ್ಲಿ ಸದ್ದಿಲ್ಲದೆ ಆಲೂಗಡ್ಡೆ ಸುಲಿಯುತ್ತಿದ್ದರು. ಪಕ್ಕದ ಮನೆಯವರು ಬಾಗಿಲಿಗೆ ಬಂದು, "ಇಷ್ಟಕ್ಕೆಲ್ಲ ಕೂತ್ಕೊಂಡ್ನಾ ನಿನ್ನ ಮಗ?" ಎಂದು ಕೆಣಕಿದರು. "ಹೌದು, ಕೂತಿದ್ದಾನೆ. ನೀವೂ ಬೇಕಿದ್ರೆ ಬಂದು ಕೂತ್ಕೊಳ್ಳಿ, ಆದ್ರೆ ಬಾಯಿ ಮುಚ್ಕೊಂಡು," ಎಂದರು ಓರೆಸ್ಟ್.

ಮೊದಲು ಒಂದೆರಡು ದಿನ ವಿಶ್ರಾಂತಿ. ಆಮೇಲೆ ನಡಿಗೆ. ಆಮೇಲೆ ಒಬ್ಬನೇ ಸ್ಕೇಟಿಂಗ್. ತಲೆನೋವು ಮರಳಿದರೆ ಒಂದು ಹೆಜ್ಜೆ ಹಿಂದಕ್ಕೆ. ಯಾರಾದರೂ ಮೈಗೆ ತಗಲುವ ಅಭ್ಯಾಸ ಕೊನೆಯಲ್ಲಿ, ಅದೂ ಡಾಕ್ಟರು ಒಪ್ಪಿದ ಮೇಲೆ. ಹೀಗೆ ಇಪ್ಪತ್ತಾರು ದಿನಗಳಾದವು. ಪೂರ್ತಿ ಗುಣವಾದ ಮೇಲೆ ಗ್ವೆಂಡಾ ಅವನನ್ನು ಮತ್ತೆ ಕಂಪ್ಯೂಟರಿನ ಮುಂದೆ ಕೂರಿಸಿದಳು. ಈ ಸಲ ಅವನು ಗೊತ್ತಿದ್ದದ್ದನ್ನು ಗೊತ್ತಿದ್ದಂತೆಯೇ ಒತ್ತಿದ.

ಗ್ವೆಂಡಾ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟಳು. ಒಂದು ಪೆಟ್ಟು ಬಿದ್ದ ಮರುದಿನದ್ದು, ಇನ್ನೊಂದು ಅಂದಿನದು. ಅಂಕ ತೋರಿಸುವ ಗೆರೆಗಳ ನಡುವೆ ಅಂಗೈ ಅಗಲದ ಅಂತರವಿತ್ತು.

"ನಾನು ಇಷ್ಟು ಕೆಳಗಿದ್ನಾ? ಇದೇ ತಲೆ ಇಟ್ಕೊಂಡು ಶನಿವಾರ ಆಡೋಕೆ ಹೊರಟಿದ್ನಾ?" ಎಂದ ಡ್ಯಾನಿಲೋ.

ಆ ಹಾಳೆಗಳನ್ನು ಅವನು ತಂಡದ ಕೋಣೆಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದ. ಕೆಲವರು ನಕ್ಕರು. ಒಬ್ಬ ಹಳಬ, "ದೊಡ್ಡ ಲೀಗು ಹೋಯ್ತು, ಈಗ ಮೇಷ್ಟ್ರಾಗ್ತೀಯಾ?" ಎಂದ. ಆದರೆ ಆ ವಾರ ನಾಲ್ಕು ಜನ ಗ್ವೆಂಡಾಳ ಬಾಗಿಲು ತಟ್ಟಿ, ಸೆಪ್ಟೆಂಬರಿನ ಪರೀಕ್ಷೆಯನ್ನು ಮತ್ತೊಮ್ಮೆ ಕೊಡುತ್ತೀರಾ ಎಂದು ಕೇಳಿದರು. ನಾಲ್ಕನೆಯವನು ಆ ಹಳಬನೇ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಆಡುವವರಿರಬಹುದು. ಸೆಪ್ಟೆಂಬರಿನ ಪರೀಕ್ಷೆ ಮುಗಿಸಿ ಅವರು ಮನೆಗೆ ಬಂದಾಗ ಎಷ್ಟು ಅಂಕ ಬಂತು ಎಂದು ಕೇಳಬೇಡಿ, ನಿಜವಾಗಿ ಒತ್ತಿದೆಯಾ ಎಂದು ಕೇಳಿ. ಪೆಟ್ಟು ಬಿದ್ದ ಮೇಲೆ ಅವರನ್ನು ನೋಡುತ್ತಿರಿ: ಬೆಳಕಿಗೆ ಮುಖ ತಿರುಗಿಸುತ್ತಾರೆಯೇ, ಮಾತಿನ ನಡುವೆ ಎಳೆ ತಪ್ಪುತ್ತಾರೆಯೇ, ಗೊತ್ತಿರುವ ಲೆಕ್ಕಕ್ಕೆ ತಡವರಿಸುತ್ತಾರೆಯೇ? ಕಂಡದ್ದನ್ನು ಫಿಸಿಯೋಗೆ ಹೇಳಿ. ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ತಲೆನೋವು ಏರುತ್ತಲೇ ಹೋದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಆಡುವವರು ನೀವೇ ಆಗಿದ್ದರೆ ಎರಡು ಮಾತು. ತಲೆ ತಗ್ಗಿಸಿದವನ ಮೇಲೆ, ಬೆನ್ನು ತೋರಿದವನ ಮೇಲೆ ಎರಗಬೇಡಿ. ಪಕ್ ಹೋದರೆ ಇನ್ನೊಂದು ನಿಮಿಷಕ್ಕೆ ಸಿಗುತ್ತದೆ. ಮತ್ತು ಪರೀಕ್ಷೆಗೆ ಕೂತಾಗ ನೆನಪಿಡಿ. ನಿಮಗೆ ಪೆಟ್ಟು ಬಿದ್ದು ನೀವೇನು ಕಳೆದುಕೊಂಡಿರಿ ಎಂದು ನಿಮಗೇ ತಿಳಿಯದ ದಿನ, ಅದನ್ನು ಹೇಳಬಲ್ಲವನು ಒಬ್ಬನೇ: ಪೆಟ್ಟು ಬೀಳುವ ಮುಂಚಿನ ನೀವು. ಅವನಿಂದ ಸುಳ್ಳು ಹೇಳಿಸಬೇಡಿ.