ಲೀಟರಿಗೆ ಇಪ್ಪತ್ತಾರು

ಹಳೆಯ ಜೀಪಿನ ಮೈಮೇಲೆ ನೆಗ್ಗದ ಜಾಗ ಅಂಗೈಯಗಲವೂ ಇರಲಿಲ್ಲ. ಬಾಗಿಲು, ಬಾನೆಟ್ಟು, ಚಾವಣಿ, ಎಲ್ಲೆಲ್ಲೂ ಕಲ್ಲೇಟು. ಕಿಟಕಿಗೆ ಬಡಿದಿದ್ದ ಕಬ್ಬಿಣದ ಜಾಲರಿಯೂ ಒಳಕ್ಕೆ ಬಗ್ಗಿಹೋಗಿತ್ತು. ಆದರೆ ಐದು ವರ್ಷದಲ್ಲಿ ಅದರೊಳಗೆ ಕೂತ ಒಬ್ಬ ಕಾವಲುಗಾರನ ತಲೆಯೂ ಒಡೆದಿರಲಿಲ್ಲ.

ಅವರು ಕಾಯುತ್ತಿದ್ದದ್ದು ಒಂದು ಮುಚ್ಚಿದ ಉಕ್ಕಿನ ಕಾರ್ಖಾನೆ. ಮಾಲೀಕರು ಒಂದು ಬೆಳಿಗ್ಗೆ ಗೇಟಿಗೆ ಬೀಗ ಜಡಿದು ಕೈ ತೊಳೆದುಕೊಂಡಿದ್ದರು. ಕುಲುಮೆ ಮುಂದೆ ಅರ್ಧ ಆಯುಸ್ಸು ಬೇಯಿಸಿಕೊಂಡವರಿಗೆ ಕೊನೆಯ ಸಂಬಳವನ್ನೂ ಕೊಡಲಿಲ್ಲ. ಒಳಗೆ ಗುಡ್ಡೆಗುಡ್ಡೆ ಕಬ್ಬಿಣ, ಹೊರಗೆ ಹಸಿದ ಹೊಟ್ಟೆ. ಹಾಡಹಗಲೇ ಆ ಕೆಲಸಗಾರರು ಬೇಲಿ ಕತ್ತರಿಸಿಕೊಂಡು ಕಬ್ಬಿಣಕ್ಕೆ ನುಗ್ಗುತ್ತಿದ್ದರು. ಕಾವಲು ಕಂಪನಿಯ ಮೂವತ್ತು ಜನ ಲಾಠಿ ಹಿಡಿದು ಅವರನ್ನು ತಡೆಯಬೇಕು. ಕಾಯುವವರೇನು ಸಾಹುಕಾರರ ಮಕ್ಕಳೇ? ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಇಲ್ಲಿ ಒಬ್ಬ ಬಡವನ ಸಿಟ್ಟು ಇನ್ನೊಬ್ಬ ಬಡವನ ದವಡೆಗೆ ಬೀಳುತ್ತಿತ್ತು.

ಜೀಪು ಓಡಿಸುತ್ತಿದ್ದ ಡ್ರೈವರ್ ಹನ್ನೊಂದು ವರ್ಷದಿಂದ ಟೆಂಪರರಿ. ಅವನ ಎಡಗಡೆ ಸೀಟಿನಲ್ಲಿ ಲಾಠಿ ಹಿಡಿದು ಕೂರುತ್ತಿದ್ದವನು ಅವನ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ಕೆಲಸಕ್ಕೆ ಸೇರಿಸಿದ್ದೂ ಡ್ರೈವರೇ.

ಒಂದು ದಿನ ಕಂಪನಿಯಿಂದ ವಾಹನಗಳ ಅಧಿಕಾರಿ ಬಂದ. ಬಂದವನು ಜೀಪಿನ ನೆಗ್ಗು ನೋಡಲಿಲ್ಲ, ಜಾಲರಿ ನೋಡಲಿಲ್ಲ. ಡೀಸೆಲ್ ಪುಸ್ತಕ ತೆಗೆಸಿ ನೋಡಿದ.

“ಇದು ಗಾಡಿ ಅಲ್ಲ ಕಣಯ್ಯಾ, ಕುಡುಕ. ಲೀಟರಿಗೆ ಒಂಬತ್ತೂ ಕೊಡಲ್ವಲ್ಲ! ಗುಜರಿಗೆ ಹಾಕಿ.”

ಅವತ್ತೇ ಕಾವಲುಗಾರರು ಅವನಿಗೆ ಮೈಲೇಜ್ ಸಾಹೇಬ ಅಂತ ಹೆಸರಿಟ್ಟರು.

ಮರುವಾರ ಪರೀಕ್ಷೆಗೆ ಎರಡು ಗಾಡಿ ಬಂದವು. ಒಂದು ಹೊಸ ಜೀಪು, ಗಟ್ಟಿ ಬಾಗಿಲಿನದು. ಇನ್ನೊಂದು ಪುಟ್ಟ ವ್ಯಾನು. ಅಕ್ಕಪಕ್ಕ ಬಾಗಿಲೇ ಇಲ್ಲ, ಬರೀ ಒಂದು ಕಂಬಿ. ಟ್ಯಾಂಕಿನ ಕತ್ತಿನವರೆಗೆ ಡೀಸೆಲ್ ತುಂಬಿಸಿ, ಕಾರ್ಖಾನೆ ಸುತ್ತ ನೂರು ಕಿಲೋಮೀಟರ್ ಓಡಿಸಿ, ಮತ್ತೆ ಕತ್ತಿನವರೆಗೆ ತುಂಬಿಸಬೇಕು. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಅಂತ ಲೆಕ್ಕ.

“ಎರಡನ್ನೂ ನೀನೇ ಓಡ್ಸು,” ಅಂದ ಸಾಹೇಬ. “ಯಾವ್ದು ಇಪ್ಪತ್ತೈದು ದಾಟುತ್ತೋ ಅದನ್ನ ಕೊಳ್ತೀವಿ. ದಾಟ್ಸಿದ್ರೆ ನಿನ್ನ ಪರ್ಮನೆಂಟ್ ಮಾಡ್ಸೋ ಜವಾಬ್ದಾರಿ ನಂದು.”

ಬಾಮೈದ ಅವನನ್ನು ನೀರಿನ ತೊಟ್ಟಿ ಹಿಂದಕ್ಕೆ ಎಳೆದುಕೊಂಡು ಹೋದ.

“ಭಾವ, ಆ ಡಬ್ಬೀನ ಕೆಟ್ಟದಾಗಿ ಓಡ್ಸಿ. ಎರಡನೇ ಗೇರಲ್ಲೇ ಅರಚಾಡ್ಸಿ. ಹತ್ತು ಕೂಡ ಬರಬಾರ್ದು.”

“ಅಷ್ಟೇ ತಾನೆ? ಆಯ್ತು ಬಿಡೋ.”

“ತಮಾಷೆ ಅಲ್ಲ ಭಾವ. ಅದ್ರಲ್ಲಿ ಕೂತ್ರೆ ನನ್ನ ತಟ್ಟೇಲಿಟ್ಟು ಬಡಿಸಿದಂಗೆ ಆಗುತ್ತೆ.”

“ಆಯ್ತು ಅಂದ್ನಲ್ಲ ಮಾರಾಯ!”

ಅಂದದ್ದು ನಿಜ. ಆದರೆ ಡ್ರೈವರನ ಕಾಲು ಕೇಳಲಿಲ್ಲ. ಪೆಡಲಿನ ಮೇಲೆ ಮೊಟ್ಟೆ ಇಟ್ಟರೂ ಒಡೆಯದ ಹಾಗೆ ಓಡಿಸುತ್ತಾನೆ ಅಂತ ಹೆಸರು ಪಡೆದ ಕಾಲು ಅದು. ಕೆಟ್ಟದಾಗಿ ಒತ್ತಲು ಹೋದರೆ ಸಂಕೋಚವಾಗುತ್ತಿತ್ತು. ಇಳಿಜಾರಿನಲ್ಲಿ ತಾನಾಗಿಯೇ ಪೆಡಲು ಬಿಡುತ್ತಿತ್ತು, ತಿರುವಿಗೆ ಮೊದಲೇ ವೇಗ ಇಳಿಸುತ್ತಿತ್ತು. ಸುಳ್ಳು ಯಾಕೆ, ಪರ್ಮನೆಂಟ್ ಅನ್ನುವ ಮಾತೂ ಕಿವಿಯೊಳಗೆ ಗುಂಯ್‌ಗುಡುತ್ತಿತ್ತು. ಜೀಪು ಹದಿನಾಲ್ಕು ಕೊಟ್ಟಿತು. ವ್ಯಾನು ಇಪ್ಪತ್ತಾರು.

“ಭಲೇ!” ಅಂತ ಸಾಹೇಬ ಬೆನ್ನು ತಟ್ಟಿದ. ವ್ಯಾನು ಖರೀದಿಯ ಒಂದು ಹಾಳೆ ಮುಂದಿಟ್ಟ. ‘ಡ್ರೈವರ್ ಶಿಫಾರಸು’ ಅನ್ನುವ ಕಡೆ ಬೆರಳಿಟ್ಟ. ಡ್ರೈವರ್ ಸಹಿ ಹಾಕಿದ. ಬಾಮೈದ ಅವತ್ತು ಅವನ ಜೊತೆ ಊಟಕ್ಕೆ ಕೂರಲಿಲ್ಲ.

ಹಳೆಯ ಜೀಪು ಹೋಯಿತು, ವ್ಯಾನು ಬಂತು. ಸ್ಟೆಪ್ನಿ ಟೈರನ್ನೂ ಸಾಹೇಬ ಇಳಿಸಿಬಿಟ್ಟ, ತೂಕ ಅಂತ.

“ಸಾರ್, ಒಂದು ಜಾಲರಿನಾದ್ರೂ ಹಾಕ್ಸಿಕೊಡಿ,” ಅಂತ ಡ್ರೈವರ್ ಕೈ ಮುಗಿದ.

“ಜಾಲರಿ ನಲವತ್ತು ಕೆಜಿ ಕಣೋ! ನನ್ನ ಇಪ್ಪತ್ತಾರು ಹಳ್ಳ ಹಿಡಿಯುತ್ತೆ. ಕಲ್ಲು ಬಂದ್ರೆ ಬಗ್ಗಿ, ಅಷ್ಟೇ.”

ಮೂರನೇ ವಾರ, ಮಧ್ಯಾಹ್ನ ಎರಡು ಗಂಟೆ. ಹಿಂದಿನ ಬೇಲಿ ಹತ್ತಿರ ನಲವತ್ತು ಜನ ಕಬ್ಬಿಣದ ತೊಲೆ ಹೊರುತ್ತಿದ್ದರು. ವ್ಯಾನು ಕಂಡದ್ದೇ ತಡ, ಕಲ್ಲು ಸುರಿಯಿತು. ಮೊದಲನೆಯದಕ್ಕೇ ಗಾಜು ಪುಡಿಯಾಯಿತು. ಎರಡನೆಯದು ಡ್ರೈವರನ ಹಣೆ ಸೀಳಿತು. ಕಣ್ಣಿಗೆ ರಕ್ತ ಇಳಿದು ದಾರಿ ಕಾಣದೆ ಹಿಂದಕ್ಕೆ ತಿರುಗಿಸುವಾಗ ಗುಜರಿಯ ಚೂಪು ಟೈರಿಗೆ ಹೊಕ್ಕು ವ್ಯಾನು ಕುಸಿಯಿತು.

“ಭಾವ, ಬಿಡ್ಬೇಡಿ! ಹಿಡ್ಕೊಳ್ಳಿ!”

ಡ್ರೈವರ್ ಬಾಮೈದನ ಬೆಲ್ಟು ಹಿಡಿದ. ಆಚೆಯಿಂದ ನಾಲ್ಕು ಕೈಗಳು ಹುಡುಗನ ಕಾಲು ಹಿಡಿದು ಎಳೆದವು. ತಡೆಯಲು ಅಲ್ಲಿ ಏನಿತ್ತು, ಒಂದು ಕಂಬಿ. ಕಂಬಿ ಕಿತ್ತು ಬಂತು, ಬೆಲ್ಟು ಹರಿಯಿತು, ಹುಡುಗ ಹೊರಗೆ ಬಿದ್ದ. ಸರಳಿನಿಂದ ಮೊಣಕಾಲಿಗೆ ಹೊಡೆದರು, ಬಾಯಿಗೆ ಹೊಡೆದರು, ಎದೆಗೆ ಹೊಡೆದರು. ಹೊಡೆಯುತ್ತಿದ್ದವರಲ್ಲಿ ಒಬ್ಬ ಮುದುಕ ಅಳುತ್ತಲೇ ಹೊಡೆಯುತ್ತಿದ್ದ. ಡ್ರೈವರ್ ವೀಲ್ ಸ್ಪ್ಯಾನರ್ ಹಿಡಿದು ಮೇಲೆ ಬಿದ್ದ. ಒಬ್ಬನ ಮಣಿಕಟ್ಟು ಲಟ್ಟೆಂದು ಮುರಿದದ್ದು ಅವನಿಗೇ ಕೇಳಿಸಿತು. ಅಷ್ಟರಲ್ಲಿ ಮಿಕ್ಕ ಕಾವಲುಗಾರರು ಓಡಿ ಬಂದರು, ಗುಂಪು ಬೇಲಿ ಹಾರಿತು.

ಬದಲಿ ಟೈರು ಇಲ್ಲ. ಗೇಟಿನವರೆಗೆ ಒಂದೂವರೆ ಕಿಲೋಮೀಟರ್ ಅವನನ್ನು ಹೆಗಲ ಮೇಲೆ ಹೊತ್ತು ಓಡಿದರು. ದಾರಿಯಲ್ಲಿ ಹುಡುಗ “ಅಕ್ಕಂಗೆ ಹೇಳ್ಬೇಡಿ” ಅಂದ. ಗೇಟು ಮುಟ್ಟುವ ಮೊದಲೇ ಮೈ ಭಾರವಾಯಿತು.

ಹೇಳದೆ ಇರಲಾದೀತೇ? ಹೆಂಡತಿ ಎದೆ ಬಡಿದುಕೊಳ್ಳಲಿಲ್ಲ. ಗಂಡನ ಅಂಗಿಯ ರಕ್ತ ನೋಡುತ್ತ ಒಂದೇ ಮಾತು ಕೇಳಿದಳು.

“ರೀ, ನನ್ನ ತಮ್ಮನ್ನ ಎಂಥ ಗಾಡೀಲಿ ಕೂರ್ಸಿದ್ರಿ?”

ಡ್ರೈವರನಿಗೆ ಅವತ್ತು ‘ಆಯ್ತು’ ಅಂದಿದ್ದ ನಾಲಗೆ ಕಿತ್ತುಕೊಳ್ಳಬೇಕು ಅನ್ನಿಸಿತು. ಇಲ್ಲ, ಕಿತ್ತುಕೊಳ್ಳಬೇಕಾದ್ದು ಆ ಕಾಲನ್ನು.

ಮಣ್ಣು ಮಾಡಿದ ಮೂರನೇ ದಿನ ಸಾಹೇಬ ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಎರಡು ಹಾಳೆ ಇದ್ದವು.

“ಇದು ನಿನ್ನ ಪರ್ಮನೆಂಟ್ ಆರ್ಡರ್. ಇದು ನಿನ್ನ ಹೇಳಿಕೆ. ಸಹಿ ಹಾಕು, ತಗೊಂಡು ಹೋಗು.”

ಡ್ರೈವರ್ ಹೇಳಿಕೆ ಓದಿದ. ಹುಡುಗ ತಾನೇ ಹೊರಗೆ ಬಗ್ಗಿ, ಆಯತಪ್ಪಿ ಬಿದ್ದನಂತೆ. ಗಾಡಿಯಲ್ಲಿ ಯಾವ ಕೊರತೆಯೂ ಇರಲಿಲ್ಲವಂತೆ.

“ಸಾರ್, ಅವನು ಬಿದ್ದಿಲ್ಲ. ಬಾಗಿಲಿಲ್ದೆ ಇದ್ದಿದ್ದಕ್ಕೆ ಎಳೆದು ಸಾಯ್ಸಿದ್ರು.”

“ಬಾಗಿಲಿಲ್ದ ಗಾಡಿ ಬೇಕು ಅಂದೋನು ಯಾರಪ್ಪ? ಶಿಫಾರಸಿಗೆ ಯಾರ ಸಹಿ ಇದೆ? ಕೋರ್ಟಿಗೆ ಹೋದ್ರೆ ಬಾಮೈದನ್ನ ಕೊಂದೋನು ನೀನೇ ಆಗ್ತೀಯ. ಜಾಣ ಆಗು.”

ಡ್ರೈವರ್ ಎರಡೂ ಹಾಳೆ ಎತ್ತಿಕೊಂಡು ಅಂಗಳಕ್ಕೆ ಬಂದ. ಪಾಳಿ ಬದಲಾಗುವ ಹೊತ್ತು, ಮಿಕ್ಕ ಕಾವಲುಗಾರರೆಲ್ಲ ಇದ್ದರು. ಹೇಳಿಕೆಯನ್ನು ಗಟ್ಟಿಯಾಗಿ ಓದಿದ. 

“ಕೇಳ್ರಪ್ಪ. ಆ ಇಪ್ಪತ್ತಾರು ತೆಗೆದೋನು ನಾನು. ಹುಡುಗ ಬೇಡ ಬೇಡ ಅಂದ. ಪರ್ಮನೆಂಟ್ ಆಸೆಗೆ ತೆಗೆದೆ. ಹೊಡೀಬೇಕು ಅನ್ಸಿದ್ರೆ ಹೊಡೀರಿ. ಆದ್ರೆ ಈ ಸುಳ್ಳಿಗೆ ಸಹಿ ಹಾಕಲ್ಲ.” ಎರಡನ್ನೂ ಚೂರುಚೂರು ಮಾಡಿದ.

ಯಾರೂ ಹೊಡೆಯಲಿಲ್ಲ. ಹಿರಿಯ ಕಾವಲುಗಾರನೊಬ್ಬ “ನಿನ್ನ ಹೊಡೆದ್ರೆ ಏನು ಬಂತೋ” ಅಂದು ಬಾಯಿಗೆ ಕೈ ಅಡ್ಡ ಹಿಡಿದು ಅತ್ತ.

ಸಾಹೇಬ ದಡದಡ ಬಂದ. “ಏನು ಸಂತೆ ಇದು? ರೌಂಡಿನ ಟೈಮು, ಹತ್ರೋ!”

“ಆ ಗಾಡಿಗೆ ಯಾರೂ ಹತ್ತಲ್ಲ ಸಾರ್,” ಅಂದ ಹಿರಿಯ.

“ಹತ್ತಲ್ವ? ಗಂಡಸರಾ ನೀವು? ನೋಡ್ರೋ, ನಾನು ಕೂರ್ತೀನಿ!” ಹೊಸ ಟೈರು ಹಾಕಿ ಅಂಗಳದಲ್ಲಿ ನಿಲ್ಲಿಸಿದ್ದ ವ್ಯಾನಿಗೆ ಸಾಹೇಬ ಹತ್ತಿದ. ಕೂತದ್ದು ಎಡಗಡೆ ಸೀಟಿನಲ್ಲಿ, ಹುಡುಗನ ಜಾಗದಲ್ಲಿ. ಅವತ್ತು ಬೆಲ್ಟು ಹಿಡಿದು ಬಗ್ಗಿದಾಗ ಡ್ರೈವರನ ಹಣೆಯಿಂದ ಸುರಿದ ರಕ್ತ ಸೀಟಿನ ಬಟ್ಟೆಯ ಮೇಲೆ ಇನ್ನೂ ಕಪ್ಪಗೆ ಹೆಪ್ಪುಗಟ್ಟಿತ್ತು.

ಡ್ರೈವರನ ಮೈ ಉರಿದುಹೋಯಿತು. “ಇಳೀರಿ ಸಾರ್.”

“ಇಳಿಯಲ್ಲ ಕಣೋ, ಏನೋ ಮಾಡ್ತೀಯ?”

“ಇಳೀರಿ ಅಂದೆ.”

ಸಾಹೇಬ ಹಲ್ಲು ಕಿರಿದ. ಡ್ರೈವರ್ ವ್ಯಾನಿನ ಕೆಳಗೆ ಬೆರಳು ತೂರಿಸಿದ. ಪಕ್ಕಕ್ಕೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಬಾಗಿಲಿಲ್ಲ, ಜಾಲರಿಯಿಲ್ಲ, ಸ್ಟೆಪ್ನಿಯಿಲ್ಲ. ಹತ್ತು ಜನಕ್ಕೆ ಅದು ಭಾರವೇ ಆಗಲಿಲ್ಲ. ಒಂದೇ ಉಸಿರಿಗೆ ಎತ್ತಿ ಆಚೆ ಮಗುಚಿದರು. ಕಬ್ಬಿಣ ಕಿರುಚಿತು, ಒಳಗಿದ್ದವನೂ ಕಿರುಚಿದ.

ಬೇಲಿಯಾಚೆ ಕಾರ್ಖಾನೆಯ ಹಳೆಯ ಕೆಲಸಗಾರರು ಕೆಲವರು ನಿಂತು ನೋಡುತ್ತಿದ್ದರು. ಅವರ ಮೇಲೂ ಡ್ರೈವರನ ಸಿಟ್ಟು ಆರಿರಲಿಲ್ಲ. ಆದರೆ ಈ ಸಲ ಅವರ ಕೈಯಲ್ಲಿ ಕಲ್ಲು ಇರಲಿಲ್ಲ.

ಸಾಹೇಬ ತೆವಳಿಕೊಂಡು ಹೊರಬಂದ. ತುಟಿ ಒಡೆದಿತ್ತು, ಒಂದು ಕೈ ಜೋತುಬಿದ್ದಿತ್ತು. “ಹಾಳಾದೋರೇ... ಲೀಟರಿಗೆ ಇಪ್ಪತ್ತಾರು ಕೊಡೋ ಗಾಡೀನ...”

ಡ್ರೈವರ್ ಅವನ ಕಾಲರ್ ಹಿಡಿದು ಎತ್ತಿ ನಿಲ್ಲಿಸಿದ.

“ನಡೀರಿ ಸಾರ್, ಪೊಲೀಸ್ ಸ್ಟೇಷನ್ನಿಗೆ. ನಾನು ಮಾಡಿದ್ದು ನಾನು ಹೇಳ್ತೀನಿ, ನೀವು ಮಾಡಿದ್ದು ನೀವು ಹೇಳಿ. ನಡ್ಕೊಂಡೇ ಹೋಗೋಣ, ಒಂದು ಹನಿ ಡೀಸೆಲ್ ಕೂಡ ಸುಡೋದು ಬೇಡ.”

ಕಾವಲುಗಾರರೆಲ್ಲ ಅವರ ಹಿಂದೆ ಗೇಟು ದಾಟಿದರು. ಕಾರ್ಖಾನೆ ಕಾಯಲು ಒಬ್ಬನೂ ಉಳಿಯಲಿಲ್ಲ.