ಸೋಮವಾರದ ಸೋರೆಕಾಯಿ ರಸ

ಚನ್ನಬಸವಯ್ಯನವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಅವರ ಹೆಂಡತಿ ಗಂಗಾಂಬಿಕೆ ಫೋನಿನಲ್ಲಿ ಅಡುಗೆ ವಿಡಿಯೋ ನೋಡುವುದು ಹೆಚ್ಚಾಯಿತು. ಮೆಂತ್ಯದ ದೋಸೆ, ನುಗ್ಗೆಸೊಪ್ಪಿನ ಟೀ, ನವಣೆ ಉಪ್ಪಿಟ್ಟು, ಹೀಗೆ ವಾರಕ್ಕೊಂದು ಪ್ರಯೋಗ. ಗುಬ್ಬಿಯಲ್ಲಿ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದ ಚನ್ನಬಸವಯ್ಯ ಯಾರ ಮಾತಿಗೂ ಸುಲಭಕ್ಕೆ ಬಗ್ಗುವವರಲ್ಲ. ಹೆಂಡತಿ ತಟ್ಟೆಗೆ ಹಾಕಿದ್ದನ್ನು ಮಾತ್ರ ಗೊಣಗಿಕೊಂಡಾದರೂ ತಿಂದು ಮುಗಿಸುತ್ತಿದ್ದರು.

ಆ ಸೋಮವಾರ ಸೋರೆಕಾಯಿ ರಸದ ಸರದಿ. ಹಿತ್ತಲಲ್ಲಿ ಹಬ್ಬಿಸಿದ್ದ ಬಳ್ಳಿ ಒಣಗುತ್ತಾ ಬಂದು ಒಂದೇ ಕಾಯಿ ಉಳಿದಿತ್ತು. ಗಂಗಾಂಬಿಕೆ ಅದನ್ನು ಸಿಪ್ಪೆಸಮೇತ ಹೆಚ್ಚಿ, ಪುದೀನ ಸೇರಿಸಿ, ಮಿಕ್ಸಿಯಲ್ಲಿ ತಿರುವಿ, ಸೋಸಿ ದೊಡ್ಡ ಲೋಟದ ತುಂಬ ಕೊಟ್ಟರು. ತಮ್ಮ ಲಿಂಗಪೂಜೆ ಇನ್ನೂ ಆಗಿರಲಿಲ್ಲ. ಹಾಗಾಗಿ ತಾವು ರುಚಿ ನೋಡಲಿಲ್ಲ.

ಒಂದು ಗುಟುಕಿಗೇ ಚನ್ನಬಸವಯ್ಯ ಮುಖ ಕಿವುಚಿದರು. "ಬೇವು ಅರೆದಂಗೈತೆ ಕಣೇ. ಬ್ಯಾಡ, ಚೆಲ್ಬುಡು."

"ಔಷ್ದಿ ಏನು ಮೈಸೂರ್ ಪಾಕ್ ಇದ್ದಂಗಿರುತ್ತಾ? ಮಗು ಥರ ಆಡ್ಬೇಡ್ರಿ. ಮೂಗ್ ಹಿಡ್ಕೊಂಡು ಕುಡೀರಿ."

ಲೋಟ ಖಾಲಿಯಾಗುವವರೆಗೂ ಅವರು ಎದುರಿಂದ ಕದಲಲಿಲ್ಲ.

ಅರ್ಧ ಗಂಟೆಯಲ್ಲಿ ವಾಂತಿ ಶುರುವಾಯಿತು. ಮೂರನೆಯ ಸಲಕ್ಕೆ ರಕ್ತ ಬಂತು. ಬಿದರೆಹಳ್ಳಿ ಕಾವಲ್ ಫ್ಯಾಕ್ಟರಿಯ ಕೆಲಸಕ್ಕೆ ಹೊರಟು ಬಸ್ಸಿಗೆ ಕಾಯುತ್ತಿದ್ದ ಮಗಳು ಭೂಮಿಕಾ ಫೋನ್ ಬಂದೊಡನೆ ಓಡಿ ಬಂದಳು. ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಕರೆದೊಯ್ದರು.

"ಬೆಳಿಗ್ಗೆ ಏನ್ ತಗೊಂಡಿದ್ರು?" ಎಂದು ಡಾಕ್ಟರು ಕೇಳಿದರು. ಗಂಗಾಂಬಿಕೆ ಬಾಯಿ ತೆರೆದರು, ದನಿ ಹೊರಡಲಿಲ್ಲ. ಸ್ಟ್ರೆಚರ್ ಮೇಲಿದ್ದ ಚನ್ನಬಸವಯ್ಯನವರೇ ಕೈ ಎತ್ತಿದರು.

"ಸೋರೆಕಾಯ್ ಜ್ಯೂಸು. ಯಾವ್ದೋ ವಿಡಿಯೋ ನೋಡಿ ನಾನೇ ಮಾಡ್ಕೊಂಡ್ ಕುಡ್ದೆ. ಇವ್ಳು ಬ್ಯಾಡ ಅಂದ್ಲು."

"ಕಹಿ ಇತ್ತಾ?"

"ಇತ್ತು."

"ಕಹಿ ಸೋರೆಕಾಯಿ ವಿಷ ಯಜಮಾನ್ರೇ. ಉಗಿಯೋದಲ್ವಾ?"

ಅವರು ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲೇ ನಿಂತಿದ್ದ ಗಂಗಾಂಬಿಕೆ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಇದಕ್ಕೆಂದೇ ಬೇರೆ ಮದ್ದಿಲ್ಲ, ಡ್ರಿಪ್ ಹಾಕಿ ಕಾಯಬೇಕು ಎಂದರು ಡಾಕ್ಟರು. ಕುಸಿದಿದ್ದ ಬಿಪಿ ಏರಲೇ ಇಲ್ಲ. ಮರುದಿನ ಐಸಿಯು ಒಳಗೆ ಐದು ನಿಮಿಷ ಬಿಟ್ಟಾಗ ಗಂಗಾಂಬಿಕೆ ಗಂಡನ ಕಿವಿಯ ಹತ್ತಿರ ಬಗ್ಗಿದರು. "ಯಾಕ್ರೀ ಹಂಗಂದ್ರಿ?"

"ನಾಳೆ ನೀನು ಮಗಳ್ ಜೊತೆ ಇರ್ಬೇಕಲ್ಲ," ಎಂದರು ಚನ್ನಬಸವಯ್ಯ. ಅದೇ ಕೊನೆಯ ಮಾತು. ಬುಧವಾರ ಮಧ್ಯಾಹ್ನ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಬಂದವರ ಬಾಯಲ್ಲೆಲ್ಲ ಅದೇ ಮಾತು. ಕುಣಿಗಲ್ಲಿನಿಂದ ಬಂದ ಮೈದುನ ರೇಣುಕಾಪ್ರಸಾದ್ ತಲೆ ಚಚ್ಚಿಕೊಂಡರು. "ಅಣ್ಣಂಗೆ ಈ ವಯಸ್ನಲ್ಲಿ ಇದೆಲ್ಲ ಯಾಕ್ ಬೇಕಿತ್ತು ಅತ್ಗೆ? ನಾಲಿಗೆಗೆ ಗೊತ್ತಾಗ್ಲಿಲ್ವಾ?" ಗಂಗಾಂಬಿಕೆ ತಲೆ ತಗ್ಗಿಸಿ ಕೂತರು. ಜನ ಅದನ್ನು ದುಃಖ ಎಂದುಕೊಂಡರು.

ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ತಾಯಿ ಮಗಳು ಪಾತ್ರೆ ಜೋಡಿಸುತ್ತಿದ್ದರು.

"ಅಪ್ಪ ಶುದ್ಧ ದಡ್ಡ ಕಣಮ್ಮ," ಎಂದಳು ಭೂಮಿಕಾ ಇದ್ದಕ್ಕಿದ್ದಂತೆ. "ನೀನು ಬೇಡ ಅಂದ್ರೂ ಕುಡಿದು ಸತ್ರಲ್ಲ. ನಂಗೆ ಅಳೋಕೂ ಆಗ್ತಿಲ್ಲ, ಬರೀ ಸಿಟ್ಟು ಬರುತ್ತೆ."

ಊರವರ ಮಾತನ್ನೆಲ್ಲ ನುಂಗಿಕೊಂಡಿದ್ದ ಗಂಗಾಂಬಿಕೆಗೆ ಇದನ್ನು ತಡೆಯಲಾಗಲಿಲ್ಲ.

"ಬೇಡ ಅಂದಿದ್ದು ಅವ್ರು ಕಣೇ. ಚೆಲ್ಲು ಅಂದ್ರು. ನಾನೇ ಬಯ್ದು ಕುಡಿಸ್ದೆ."

ಭೂಮಿಕಾ ಕೈಯಲ್ಲಿದ್ದ ತಪ್ಪಲೆಯನ್ನು ಕೆಳಗಿಟ್ಟಳು. "ಡಾಕ್ಟ್ರ ಮುಂದೆ ಯಾಕೆ ಸುಮ್ನಿದ್ದೆ?"

"ಬಾಯೇ ಬರ್ಲಿಲ್ಲ."

"ಹನ್ನೊಂದು ದಿನಾನೂ?"

ಭೂಮಿಕಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಹೋದ ಮೇಲೆ ಮೊದಲ ಸಲ ಅವಳು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಗಂಗಾಂಬಿಕೆ ಬಾಗಿಲು ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು.

ಭೂಮಿಕಾ ಜಗಳವಾಡಲಿಲ್ಲ, ಮನೆ ಬಿಟ್ಟೂ ಹೋಗಲಿಲ್ಲ. ಬೆಳಿಗ್ಗೆ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ತಿಂಡಿ, ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಊಟ. ಮನೆಗೆ ಬಂದಾಗ ಚಪ್ಪಲಿ ಬಿಡುತ್ತಲೇ, "ನಂದು ಊಟ ಆಯ್ತು," ಎನ್ನುತ್ತಾಳೆ. ಒಬ್ಬರಿಗೆ ಸಾಕಾಗುವಷ್ಟೇ ಅಕ್ಕಿ ಹಾಕುವುದು ಗಂಗಾಂಬಿಕೆಗೆ ಇನ್ನೂ ಅಭ್ಯಾಸವಾಗಿಲ್ಲ.