ಹುರಿಯದ ಮುಳ್ಳುಕಾಯಿ

ಬ್ಯಾಡಗಿಯಲ್ಲಿ ಸೀನಿದವನನ್ನು ಯಾರೂ ತಿರುಗಿ ನೋಡುವುದಿಲ್ಲ. ಮೆಣಸಿನಕಾಯಿಯ ಊರಲ್ಲಿ ಸೀನಿಗೇನು ಬರವೇ? ಆದರೆ ಮಾರುಕಟ್ಟೆಯ ಹಮಾಲ ಫಕ್ಕೀರಸಾಬನ ಪಾಡು ಬೇರೆ. ವರ್ಷದಿಂದ ಮೂಗು ಕಟ್ಟಿ, ಚೀಲ ಹೊತ್ತು ನಾಲ್ಕು ಹೆಜ್ಜೆ ಇಡುವುದರೊಳಗೆ ಏದುಸಿರು ಬಿಡುತ್ತಿದ್ದ. ಹಾವೇರಿಯಲ್ಲಿ ಚೀನೀ ಪದ್ಧತಿಯ ವೈದ್ಯ ಮಾಡುವ ಡಾಕ್ಟರ್ ಶೀಲಾ ಕೊಟ್ಟ ಕಷಾಯದ ಪೊಟ್ಟಣಗಳಿಂದಲೇ ಅವನು ನೆಟ್ಟಗೆ ಉಸಿರಾಡಿದ್ದು.

ಪೊಟ್ಟಣದಲ್ಲಿ ಯಾವುದೋ ಹೂವಿನ ಒಣಮೊಗ್ಗುಗಳ ಜೊತೆ ಕಂದುಬಣ್ಣದ ಮುಳ್ಳುಕಾಯಿಗಳಿದ್ದವು. ಹೆಂಡತಿ ಮುಮ್ತಾಜಬಿಗೆ ನಗು ಬಂತು. ಆಡಿನ ಮೈಗೆ ಅಂಟಿಕೊಳ್ಳುವ ಕಾಯಿ! ಹಳ್ಳದ ದಂಡೆಯಲ್ಲಿ ಬೇಕಾದಷ್ಟಿದೆ, ಇದಕ್ಕೆ ಹಾವೇರಿಗೇಕೆ ಹೋಗಬೇಕು? ಪೊಟ್ಟಣ ಮುಗಿದದ್ದೇ ಉಡಿ ತುಂಬ ಆರಿಸಿ ತಂದು, ಮೆಣಸಿನಕಾಯಿಯಂತೆ ಬಿಸಿಲಿಗೆ ಹರವಿದಳು. ಚೆನ್ನಾಗಿ ಬಿಸಿಲು ಕಂಡ ಕಾಯಿಯಲ್ಲಿ ಕೆಟ್ಟದ್ದೇನೂ ಉಳಿಯುವುದಿಲ್ಲ ಎಂದು ಅವಳು ಹುಟ್ಟಿದಾಗಿನಿಂದ ನಂಬಿದ್ದಳು. ಆಮೇಲೆ ಕುಟ್ಟಿ, ಕುದಿಸಿ, ಮೂರು ದಿನ ಎರಡು ಹೊತ್ತು ಗಂಡನಿಗೆ ಕುಡಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ, ಅವನು ಕೆಲಸಕ್ಕೆ ಹೋದ ಮೇಲೆ, ಡಾಕ್ಟರ್ ಫೋನ್ ಮಾಡಿದರು.

“ಔಷಧಿ ಮುಗದಿರಬೇಕಲ್ಲ, ಯಾಕ ಬರಲಿಲ್ಲ ಅಕ್ಕಾ?”

ಮುಮ್ತಾಜಬಿ ತನ್ನ ಜಾಣತನವನ್ನು ಹೆಮ್ಮೆಯಿಂದಲೇ ಹೇಳಿಕೊಂಡಳು.

“ಕಾಯಿ ಹುರದೀರೇನು?”

“ಇಲ್ರಿ. ಹುರದ್ರ ಹೊಗಿ ಎದ್ದು ಅವರ ಮೂಗಿಗೆ ಅಡರತೈತಿ. ವರ್ಷಾತು, ನಮ್ಮ ಮನ್ಯಾಗ ಏನೂ ಹುರದಿಲ್ರಿ.”

“ನಾ ಕೊಟ್ಟಿದ್ದು ಹುರದ ಕಾಯಿ. ಹುರೀದಿದ್ರ ಅದು ವಿಷ ಅಕ್ಕಾ! ಲಿವರ್ ಸುಡತೈತಿ. ಲಗೂನ ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ರಿ!”

ಮುಮ್ತಾಜಬಿ ಗಂಡನಿಗೆ ಫೋನ್ ಹಚ್ಚಿದಳು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಚಪ್ಪಲಿಯನ್ನೂ ಮೆಟ್ಟದೆ ಮಾರುಕಟ್ಟೆಗೆ ಓಡಿದಳು. ಕೆಂಪು ರಾಶಿಗಳ ನಡುವೆ ಬಗ್ಗಿದ ಬೆನ್ನುಗಳೆಲ್ಲ ಅವನವೇ ಎನಿಸುತ್ತಿದ್ದವು, ಹತ್ತಿರ ಹೋದರೆ ಬೇರೆಯವರ ಮುಖ. ಯಾ ಅಲ್ಲಾ, ನಾನೇ ಕೊಂದೆನೇ?

ಫಕ್ಕೀರಸಾಬ ಚೀಲಗಳಿಗೆ ಒರಗಿ ಕುಳಿತಿದ್ದ. ಎದುರಿಗೆ ವಾಂತಿ.

“ಬಿಸಲು ಹತ್ತೈತಿ ತಂಗಿ, ಅಂಜಬ್ಯಾಡ,” ಎಂದ ಜೊತೆಯ ಹಮಾಲ ಡಾಕಪ್ಪ.

ಅವಳು ಗಂಡನನ್ನು ಟಂಟಂ ರಿಕ್ಷಾ ಹತ್ತಿಸಿ, ತಾನೂ ಕುಳಿತು ಹಾವೇರಿಗೆ ಹೊರಡಿಸಿದಳು. ದಾರಿಯಲ್ಲಿ ಅವನು ಅವಳ ಭುಜಕ್ಕೆ ತಲೆ ಇಟ್ಟು, “ನಿನ್ನ ಕಷಾಯ ಒಂದ ಗುಟುಕು ಇದ್ದಿದ್ರ ಆರಾಮ ಆಗತಿತ್ತು,” ಎಂದ. ಅವಳು ಇನ್ನೂ ಜೋರಾಗಿ ಓಡಿಸೆಂದು ಟಂಟಂನವನಿಗೆ ಕೂಗಿದಳು.

ದವಾಖಾನೆಯ ಡಾಕ್ಟರು ಏನು ತಿಂದೆ ಎಂದು ಕೇಳಿದರು.

“ರೊಟ್ಟಿ ರೀ. ಮ್ಯಾಲ ಕಷಾಯ. ಅದರಿಂದ ಏನ ಆಗತೈತಿ ಬಿಡ್ರಿ, ನಮ್ಮಾಕಿ ಕೈಯಾರೆ ಮಾಡ್ಯಾಳ.”

“ಅದ ವಿಷ ರೀ,” ಮುಮ್ತಾಜಬಿ ಅತ್ತುಬಿಟ್ಟಳು. “ಗೊತ್ತಿಲ್ದ ನಾನ ಕುಡಿಸೇನಿ.”

ಸೂಜಿ, ಸಲೈನ್, ರಕ್ತದ ಪರೀಕ್ಷೆ ಎಲ್ಲ ಆಯಿತು. ಮೂರು ದಿನ ಕಳೆಯದೆ ಏನೂ ಹೇಳಲಾಗದು ಎಂದರು ಡಾಕ್ಟರು. ಸಂಜೆ ಅವನು ನೀರು ಕೇಳಿದ. ಅವಳು ಲೋಟ ತುಂಬಿಸಿ ಅವನ ಬಾಯಿಗೆ ಹಿಡಿದಳು. ಫಕ್ಕೀರಸಾಬ ಲೋಟ ನೋಡಿದ, ಅವಳ ಕೈ ನೋಡಿದ, ಆಮೇಲೆ ನರ್ಸಿನ ಮುಖ ನೋಡಿದ.

ಮುಮ್ತಾಜಬಿ ಲೋಟವನ್ನು ನರ್ಸಿಗೆ ಕೊಟ್ಟಳು. ಅವನು ಕುಡಿದ.